ಹಟ್ಟಿ: ಕರಗಿಸಿ ತೆಗೆಯುವ ಚಿನ್ನ

ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರಿಗೆ ದಕ್ಕುವ ಚಿನ್ನ ಕೆಲವೇ ಗ್ರಾಂ. ಕಲ್ಲನ್ನು ಹಿಟ್ಟಿನಂತೆ ಅರೆದು, ಸುಣ್ಣ ಬೆರೆಸಿದ ತೆಳು ಸಯನೈಡ್ ದ್ರಾವಣದಲ್ಲಿ ಗಾಳಿಯೂದಿ ಕಲಕಿದರೆ ಚಿನ್ನ ಕರಗುತ್ತದೆ, ಕಲ್ಲು ಉಳಿಯುತ್ತದೆ. ಸುಣ್ಣ ಕಡಿಮೆಯಾದರೆ ಮಾರಕ ಅನಿಲ ಏಳುವ ಅಪಾಯವುಂಟು.

ತೊಡಕಿರುವುದು ಪೈರೈಟ್, ಆರ್ಸೆನೊಪೈರೈಟ್ ಎಂಬ ಸಲ್ಫೈಡ್ ಖನಿಜಗಳಲ್ಲಿ. ಇವುಗಳೊಳಗೆ ಹುದುಗಿದ ಸೂಕ್ಷ್ಮ ಕಣಗಳನ್ನು ಸಯನೈಡ್ ಮುಟ್ಟಲಾರದು. ಮೊದಲು ಸಲ್ಫೈಡನ್ನೇ ಒಡೆಯಬೇಕು. ಹುರಿಯುವುದು ಹಳೆಯ ದಾರಿ. ಆದರೆ ಗಂಧಕ, ಆರ್ಸೆನಿಕ್‌ಗಳ ಹೊಗೆಯನ್ನು ಎಲ್ಲಿಗೆ ಬಿಡುವುದು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎ. ನಟರಾಜನ್ ಮತ್ತು ಸಂಗಡಿಗರು ಸಲ್ಫೈಡ್ ಒಡೆಯುವ ಕೆಲಸಕ್ಕೆ ಬ್ಯಾಕ್ಟೀರಿಯಾಗಳನ್ನು ಹಚ್ಚಿದರು. ಆಮ್ಲದಲ್ಲೇ ಬದುಕುವ ಇವು ಕಬ್ಬಿಣ, ಗಂಧಕಗಳನ್ನು ಉತ್ಕರ್ಷಿಸಿ ಶಕ್ತಿ ಪಡೆಯುತ್ತವೆ. ಖನಿಜ ಸವೆಯುತ್ತದೆ, ಚಿನ್ನ ತೆರೆದುಕೊಳ್ಳುತ್ತದೆ. ಆಮ್ಲವನ್ನು ತೊಳೆದ ಮೇಲೆಯೇ ಸಯನೈಡಿನ ಸರದಿ.