ಹೆಚ್ಚು ವ್ಯಾಟ್ ಇದ್ದರೆ ರೇಡಿಯೋ ಹೆಚ್ಚು ದೂರ ಹೋಗುತ್ತದೆಯೇ? ಹ್ಯಾಮ್‌ಗಳ ರಾತ್ರಿ ಸ್ಪರ್ಧೆ ಹೇಳುವ ಸತ್ಯ

ನಂಬಿಕೆ: ರೇಡಿಯೋ ಎಷ್ಟು ದೂರ ಕೇಳಿಸುತ್ತದೆ ಎಂಬುದು ಯಂತ್ರದ ಶಕ್ತಿಯನ್ನು ಮಾತ್ರ ಅವಲಂಬಿಸಿದೆ.

ಸತ್ಯ: ಪೂರ್ತಿ ನಿಜವಲ್ಲ. ಕೆಳಗಿನ ಬ್ಯಾಂಡ್‌ಗಳಲ್ಲಿ ಶಕ್ತಿಗಿಂತ ಕತ್ತಲು, ಋತು ಮತ್ತು ಆಂಟೆನಾ ಮುಖ್ಯ.

ಹಗಲಿನಲ್ಲಿ ಆಗದ್ದು ರಾತ್ರಿ ಹೇಗೆ ಆಗುತ್ತದೆ?

ಮೀಡಿಯಂ ವೇವ್ ರೇಡಿಯೋ ಕೇಳಿದವರಿಗೆ ಇದು ಗೊತ್ತು. ಹಗಲಿನಲ್ಲಿ ಆಕಾಶವಾಣಿಯ ಹತ್ತಿರದ ನಿಲಯಗಳು ಮಾತ್ರ ಸಿಗುತ್ತವೆ. ಕತ್ತಲಾದ ಮೇಲೆ ಗುರುತೇ ಇಲ್ಲದ ದೂರದ ಭಾಷೆಗಳು ತೇಲಿ ಬರುತ್ತವೆ. ಆಗ ಯಾರೂ ಶಕ್ತಿ ಹೆಚ್ಚಿಸಿರುವುದಿಲ್ಲ, ಬದಲಾಗಿರುವುದು ಆಕಾಶ.

ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಅಯಾನುಗೋಳದ 'ಡಿ' ಪದರವಿದೆ. ಬಿಸಿಲಿರುವಾಗ ಅದು ಕಡಿಮೆ ಆವರ್ತನದ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಈ ಪದರ ಬೇಗ ಕ್ಷೀಣಿಸುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಗಳನ್ನು ತಲುಪಿ, ಬಾಗಿ, ಸಾವಿರಾರು ಕಿ.ಮೀ. ಆಚೆ ನೆಲಕ್ಕೆ ಮರಳುತ್ತವೆ.

ಏನಿದು ಸ್ಪರ್ಧೆ?

ಮೀಡಿಯಂ ವೇವ್‌ಗೆ ಸ್ವಲ್ಪ ಮೇಲೆ, 1.8 ಮೆಗಾಹರ್ಟ್ಸ್ ಸುತ್ತ ಹವ್ಯಾಸಿಗಳ '160 ಮೀಟರ್' ಬ್ಯಾಂಡ್ ಇದೆ. ಇದನ್ನು 'ಟಾಪ್ ಬ್ಯಾಂಡ್' ಎಂದೂ ಕರೆಯುತ್ತಾರೆ. ಈ ಬ್ಯಾಂಡ್‌ನಲ್ಲಿ ದೂರದ ಸಂಪರ್ಕಕ್ಕೆ ಹೆಸರಾದ ಅಮೆರಿಕದ ಸ್ಟೂ ಪೆರಿ ಅವರ ನೆನಪಿನಲ್ಲಿ ಪ್ರತಿ ಡಿಸೆಂಬರ್ ಕೊನೆಯ ಭಾಗದಲ್ಲಿ ಒಂದು ಸ್ಪರ್ಧೆ ನಡೆಯುತ್ತದೆ. ಅಲ್ಲಿ ಮಾತಿಲ್ಲ, ಮೋರ್ಸ್ ಸಂಕೇತ ಮಾತ್ರ. ಎರಡೂ ಕಡೆಯವರು ತಮ್ಮ ಕರೆ-ಗುರುತು ಮತ್ತು ತಾವಿರುವ ಜಾಗದ ನಾಲ್ಕಕ್ಷರದ ಸಂಕೇತ ಹೇಳಿದರೆ ಸಂಪರ್ಕ ಮುಗಿಯಿತು.

ಅಂಕ ಸಿಗುವುದು ದೂರಕ್ಕೆ. ಪ್ರತಿ ಸಂಪರ್ಕಕ್ಕೆ 1 ಅಂಕ, ಜೊತೆಗೆ ಪ್ರತಿ 500 ಕಿ.ಮೀ.ಗೆ ಇನ್ನೊಂದು. ಬೆಂಗಳೂರಿನಿಂದ ಮೈಸೂರಿಗೆ ಮಾತಾಡಿದರೆ 1 ಅಂಕ. ಸುಮಾರು 6,700 ಕಿ.ಮೀ. ದೂರದ ಟೋಕಿಯೋಗೆ 14 ಅಂಕ. ಇನ್ನೊಂದು ಸ್ವಾರಸ್ಯವಿದೆ: ಕೇವಲ 5 ವ್ಯಾಟ್‌ನಲ್ಲಿ ಕರೆಯುತ್ತಿರುವ ಕ್ಷೀಣ ಧ್ವನಿಯನ್ನು ಹೆಕ್ಕಿ ತೆಗೆದರೆ ಆ ಸಂಪರ್ಕದ ಅಂಕ ನಾಲ್ಕು ಪಟ್ಟಾಗುತ್ತದೆ. ಅಂದರೆ ಕೂಗುವವರಿಗಿಂತ ಕೇಳಿಸಿಕೊಳ್ಳುವವರಿಗೆ ಬೆಲೆ ಹೆಚ್ಚು.

ಗೆಲ್ಲಲು ಏನು ಬೇಕು?

1. ಸಮಯಪ್ರಜ್ಞೆ: ಇಬ್ಬರ ಊರಲ್ಲೂ ಕತ್ತಲಿರಬೇಕು. ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ಸೂರ್ಯ ಹುಟ್ಟುವಾಗ ನಮ್ಮಲ್ಲಿ ಬೆಳಗಿನ ಜಾವ 3 ಗಂಟೆ ದಾಟಿರುತ್ತದೆ. ಆಮೇಲೆ ಆ ದಾರಿ ಮುಚ್ಚುತ್ತದೆ. ಸೂರ್ಯೋದಯ, ಸೂರ್ಯಾಸ್ತದ ಹೊತ್ತಿಗೆ ಕೆಲವೊಮ್ಮೆ ಸಂಕೇತ ಒಮ್ಮೆಲೇ ಬಲವಾಗುವುದರಿಂದ ಅನುಭವಿಗಳು ಆ ನಿಮಿಷಗಳಿಗಾಗಿ ಕಾಯುತ್ತಾರೆ.

2. ಆಂಟೆನಾ: ಕಾಲು ಅಲೆಯುದ್ದದ ಕಂಬವೇ ಸುಮಾರು 40 ಮೀಟರ್, ಅಂದರೆ 12-13 ಅಂತಸ್ತಿನ ಕಟ್ಟಡದಷ್ಟು ಎತ್ತರ. ಅಷ್ಟಿಲ್ಲದವರು ತಂತಿಯನ್ನು ಸಾಧ್ಯವಾದಷ್ಟು ಮೇಲೇರಿಸಿ, ಉಳಿದದ್ದನ್ನು ಅಡ್ಡಲಾಗಿ ಕಟ್ಟುತ್ತಾರೆ.

3. ಕಿವಿ: ಸಿಡಿಲಿನ ಚಟಪಟ ಈ ಬ್ಯಾಂಡ್‌ನ ದೊಡ್ಡ ಶತ್ರು. ಉತ್ತರ ಗೋಳಾರ್ಧದಲ್ಲಿ ಚಳಿಗಾಲದಲ್ಲಿ ಅದು ಕಡಿಮೆ, ರಾತ್ರಿಯೂ ದೀರ್ಘ. ಅದಕ್ಕೇ ದೊಡ್ಡ ಸ್ಪರ್ಧೆಗಳು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ನಡೆಯುತ್ತವೆ. ನಗರದಲ್ಲಿ ಎಲ್‌ಇಡಿ ದೀಪ, ಚಾರ್ಜರ್‌ಗಳ ಗದ್ದಲವೂ ಸೇರುತ್ತದೆ.

ಹಾಗಾದರೆ ಶಕ್ತಿಗೆ ಬೆಲೆಯಿಲ್ಲವೇ? ಇದೆ, ಆದರೆ ಮಿತವಾಗಿ. 100 ವ್ಯಾಟನ್ನು 400ಕ್ಕೆ ಏರಿಸಿದರೂ ಎದುರಿನವರ ರಿಸೀವರ್ ಮೀಟರ್ ಏರುವುದು ಒಂದೇ ಹಂತ. ಮಧ್ಯಾಹ್ನದ ಬಿಸಿಲನ್ನು ಸೀಳಿ ಖಂಡ ದಾಟಲು ಅದು ಸಾಲದು.

ನೂರು ವರ್ಷದ ಹಿಂದಿನ ಸಾಕ್ಷಿ

1921ರ ಡಿಸೆಂಬರ್‌ನಲ್ಲಿ ಅಮೆರಿಕದ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್‌ರಾಸನ್ ಕಡಲತೀರದಲ್ಲಿ ಡೇರೆ ಹಾಕಿ, ನೆಲದಿಂದ ಹೆಚ್ಚು ಎತ್ತರವಿಲ್ಲದ ಉದ್ದನೆಯ 'ಬೆವರೇಜ್' ತಂತಿ ಕಟ್ಟಿ ಕೂತರು. ಅಟ್ಲಾಂಟಿಕ್ ಆಚೆಯ ಕನೆಕ್ಟಿಕಟ್‌ನಿಂದ ಹವ್ಯಾಸಿಗಳು ಕಳಿಸಿದ ಸಂಕೇತಗಳು ಅವರಿಗೆ ಕೇಳಿಸಿದವು. ಚಳಿಗಾಲ, ರಾತ್ರಿ, ಒಳ್ಳೆಯ ತಂತಿ: ಇಂದಿನ ಸೂತ್ರವೂ ಅದೇ.

ಶೇರ್ ಮಾಡುವ ಮುನ್ನ ಗಮನಿಸಿ

• ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಹ್ಯಾಮ್ ಬ್ಯಾಂಡ್‌ನಲ್ಲಿ ಪ್ರಸಾರ ಮಾಡುವುದು ಅಪರಾಧ. ಆನ್‌ಲೈನ್‌ನಲ್ಲಿ ಯಂತ್ರ ಸಿಕ್ಕಿತೆಂದರೆ ಅನುಮತಿ ಸಿಕ್ಕಿತೆಂದಲ್ಲ. 12 ವರ್ಷ ತುಂಬಿದವರು ಪರೀಕ್ಷೆ ಬರೆದು ಕೇಂದ್ರ ದೂರಸಂಪರ್ಕ ಇಲಾಖೆಯಿಂದ ಲೈಸೆನ್ಸ್ ಪಡೆಯಬಹುದು.

• ಆಂಟೆನಾ ತಂತಿಯನ್ನು ವಿದ್ಯುತ್ ತಂತಿಯ ಹತ್ತಿರ ಎಂದೂ ಎಳೆಯಬೇಡಿ. ಗುಡುಗು ಶುರುವಾದರೆ ಯಂತ್ರದ ಬಳಿ ಕೂರಬೇಡಿ.

• ಕುತೂಹಲವಿದ್ದರೆ ಮೊದಲು ಕೇಳಿ ನೋಡಿ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು ಇಂಟರ್ನೆಟ್ ಮೂಲಕ ನಿಮ್ಮ ಮೊಬೈಲಿನಲ್ಲೇ ಕೇಳಬಹುದು. ಅಲ್ಲಿ ರಾತ್ರಿಯಾದಾಗ 1.8 ಮೆಗಾಹರ್ಟ್ಸ್‌ಗೆ ತಿರುಗಿಸಿ. ಅಲ್ಲಿನ ಹಗಲಿನಲ್ಲಿ ಮತ್ತೊಮ್ಮೆ ಕೇಳಿ. ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ.