ಪರಿಶಿಷ್ಟ ಪಂಗಡಗಳ ಸುರಕ್ಷತೆ: ಬೇಲೂರು ತಾಲ್ಲೂಕಿನ ನಾಗರಿಕರಿಗೆ ಮಾಹಿತಿ

ಪೀಠಿಕೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕು ಕಸಬಾ, ಹಳೇಬೀಡು, ಮಾದಿಹಳ್ಳಿ, ಬಿಕ್ಕೋಡು ಮತ್ತು ಅರೇಹಳ್ಳಿ ಹೋಬಳಿಗಳನ್ನು ಒಳಗೊಂಡಿದೆ. ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಸಮುದಾಯದ ಕಾಲೋನಿ ಇದೆ. ಹಕ್ಕಿಪಿಕ್ಕಿ ಸಮುದಾಯವು ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದು, ಈ ಸಮುದಾಯದವರ ಮನೆಮಾತು ಗುಜರಾತಿ ಭಾಷೆಗೆ ಹತ್ತಿರವಾದ ವಾಗ್ರಿ. ಪಕ್ಷಿಗಳನ್ನು ಹಿಡಿಯುವುದು ಇವರ ಕುಲಕಸುಬಾಗಿತ್ತು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972 ಜಾರಿಗೆ ಬಂದ ನಂತರ ಈ ಕಸುಬಿಗೆ ಅವಕಾಶವಿಲ್ಲದಂತಾಗಿ, ಅನೇಕ ಕುಟುಂಬಗಳು ಗಿಡಮೂಲಿಕೆ ಎಣ್ಣೆ ಮತ್ತು ಸಣ್ಣಪುಟ್ಟ ವಸ್ತುಗಳ ಮಾರಾಟವನ್ನು ಜೀವನೋಪಾಯವಾಗಿ ಮಾಡಿಕೊಂಡಿವೆ.

ಊರಿಂದೂರಿಗೆ ಹೋಗಿ ದುಡಿಯುವವರು, ಪರರ ಜಮೀನು ಮತ್ತು ತೋಟಗಳಲ್ಲಿ ಕೂಲಿ ಮಾಡುವವರು ಹಾಗೂ ಸರ್ಕಾರ ಮಂಜೂರು ಮಾಡಿದ ಅಲ್ಪ ಜಮೀನನ್ನು ನಂಬಿದವರು ದೌರ್ಜನ್ಯಕ್ಕೆ ಒಳಗಾಗುವ ಸಾಧ್ಯತೆ ಹೆಚ್ಚು. ಇಂತಹವರ ರಕ್ಷಣೆಗಾಗಿ ಇರುವ ಕಾನೂನುಗಳು, ಅವುಗಳನ್ನು ಜಾರಿಗೊಳಿಸುವ ವ್ಯವಸ್ಥೆ, ದೂರು ನೀಡುವ ವಿಧಾನ ಮತ್ತು ದೊರೆಯುವ ಪರಿಹಾರಗಳ ವಿವರಗಳನ್ನು ಇಲ್ಲಿ ನೀಡಲಾಗಿದೆ. ದೌರ್ಜನ್ಯ ಪ್ರತಿಬಂಧಕ್ಕೆ ಸಂಬಂಧಿಸಿದ ವಿವರಗಳು ಪರಿಶಿಷ್ಟ ಜಾತಿಗಳಿಗೂ ಸಮಾನವಾಗಿ ಅನ್ವಯಿಸುತ್ತವೆ.

1. ಮೂಲ ಕಾನೂನು

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ಪ್ರತಿಬಂಧ) ಅಧಿನಿಯಮ, 1989 ದಿನಾಂಕ 30-01-1990ರಿಂದ ಜಾರಿಯಲ್ಲಿದೆ. ಇದರಡಿ 1995ರಲ್ಲಿ ನಿಯಮಗಳನ್ನು ರಚಿಸಲಾಯಿತು. 2015ರ ತಿದ್ದುಪಡಿ ಅಧಿನಿಯಮವು ದಿನಾಂಕ 26-01-2016ರಿಂದ ಜಾರಿಗೆ ಬಂದು, ಅಪರಾಧಗಳ ಪಟ್ಟಿಯನ್ನು ವಿಸ್ತರಿಸಿತು ಹಾಗೂ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳನ್ನು ಕಾನೂನಿನಲ್ಲಿಯೇ ಸೇರಿಸಿತು.

ಪ್ರಕರಣ ದಾಖಲಿಸುವ ಮುನ್ನ ಪ್ರಾಥಮಿಕ ವಿಚಾರಣೆ ನಡೆಸಬಹುದೆಂದೂ, ಬಂಧನಕ್ಕೆ ಪೂರ್ವಾನುಮತಿ ಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್‌ನಲ್ಲಿ ನೀಡಿದ ತೀರ್ಪಿನಲ್ಲಿ ನಿರ್ದೇಶಿಸಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು 18ಎ ಪ್ರಕರಣವನ್ನು ಸೇರಿಸಿ ಈ ಎರಡೂ ಷರತ್ತುಗಳನ್ನು ತೆಗೆದುಹಾಕಿತು. ಸದರಿ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ. ಆದ್ದರಿಂದ ಪ್ರಥಮ ವರ್ತಮಾನ ವರದಿ ದಾಖಲಿಸಲು ಪ್ರಾಥಮಿಕ ವಿಚಾರಣೆಯ ಅಗತ್ಯವಿರುವುದಿಲ್ಲ.

2. ದೌರ್ಜನ್ಯವೆಂದು ಪರಿಗಣಿಸಲಾಗುವ ಮುಖ್ಯ ಕೃತ್ಯಗಳು

ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಸೇರದ ವ್ಯಕ್ತಿಯು, ಈ ವರ್ಗಗಳಿಗೆ ಸೇರಿದವರ ವಿರುದ್ಧ ಎಸಗುವ ಕೆಳಕಂಡ ಕೃತ್ಯಗಳು ಅಪರಾಧವಾಗಿರುತ್ತವೆ:

ಅ) ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ ಜಾತಿಯ ಹೆಸರು ಹಿಡಿದು ನಿಂದಿಸುವುದು ಅಥವಾ ಉದ್ದೇಶಪೂರ್ವಕವಾಗಿ ಅವಮಾನಿಸುವುದು.
ಆ) ಜಮೀನಿನಿಂದ ಅಕ್ರಮವಾಗಿ ಒಕ್ಕಲೆಬ್ಬಿಸುವುದು, ಅರಣ್ಯ ಹಕ್ಕು, ನೀರು ಅಥವಾ ಬೆಳೆಯ ಅನುಭೋಗಕ್ಕೆ ಅಡ್ಡಿಪಡಿಸುವುದು.
ಇ) ಬಿಟ್ಟಿ ಚಾಕರಿ ಅಥವಾ ಜೀತ ಮಾಡಿಸುವುದು.
ಈ) ಸುಳ್ಳು ಮೊಕದ್ದಮೆ ಹೂಡುವುದು, ಅಧಿಕಾರಿಗಳಿಗೆ ಸುಳ್ಳು ಮಾಹಿತಿ ನೀಡಿ ತೊಂದರೆಪಡಿಸುವುದು.
ಉ) ಮಹಿಳೆಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಲೈಂಗಿಕ ಉದ್ದೇಶದಿಂದ ಮುಟ್ಟುವುದು, ಅಂತಹ ಮಾತು ಅಥವಾ ಸನ್ನೆಗಳನ್ನು ಬಳಸುವುದು.
ಊ) ಕೆರೆ, ಬಾವಿ, ಸ್ಮಶಾನ, ದಾರಿ, ದೇವಾಲಯ, ಶಾಲೆ, ಆಸ್ಪತ್ರೆ ಅಥವಾ ಅಂಗಡಿಯ ಬಳಕೆಗೆ ತಡೆಯೊಡ್ಡುವುದು.
ಋ) ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು ಅಥವಾ ಹಾಕುವುದಾಗಿ ಬೆದರಿಸುವುದು.

ಮೇಲ್ಕಂಡ ಅಪರಾಧಗಳಿಗೆ ಕನಿಷ್ಠ 6 ತಿಂಗಳಿನಿಂದ ಗರಿಷ್ಠ 5 ವರ್ಷಗಳವರೆಗೆ ಕಾರಾವಾಸ ಮತ್ತು ದಂಡ ವಿಧಿಸಬಹುದಾಗಿದೆ. ಗಂಭೀರ ಅಪರಾಧಗಳಿಗೆ ಹೆಚ್ಚಿನ ಶಿಕ್ಷೆ ಇದೆ. ಕರ್ತವ್ಯವನ್ನು ಬೇಕೆಂದೇ ನಿರ್ಲಕ್ಷಿಸುವ ಸರ್ಕಾರಿ ನೌಕರನಿಗೂ 4ನೇ ಪ್ರಕರಣದಡಿ 6 ತಿಂಗಳಿನಿಂದ 1 ವರ್ಷದವರೆಗೆ ಶಿಕ್ಷೆ ಇದೆ.

3. ದೂರು ನೀಡುವ ವಿಧಾನ

ದೂರನ್ನು ಲಿಖಿತವಾಗಿ ಅಥವಾ ಮೌಖಿಕವಾಗಿ ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು. ಮೌಖಿಕ ದೂರನ್ನು ಠಾಣಾಧಿಕಾರಿಯು ಬರೆದುಕೊಂಡು, ದೂರುದಾರರಿಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯತಕ್ಕದ್ದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ನೀಡಲಾಗುವುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 173ನೇ ಪ್ರಕರಣದಂತೆ, ಘಟನೆ ತಮ್ಮ ವ್ಯಾಪ್ತಿಯಲ್ಲಿ ನಡೆದಿಲ್ಲವೆಂಬ ಕಾರಣಕ್ಕೆ ಠಾಣೆಯು ದೂರನ್ನು ನಿರಾಕರಿಸುವಂತಿಲ್ಲ. ವ್ಯಾಪಾರಕ್ಕಾಗಿ ಬೇರೆ ಜಿಲ್ಲೆಗೆ ಹೋದಾಗ ದೌರ್ಜನ್ಯ ನಡೆದಿದ್ದಲ್ಲಿ, ಊರಿಗೆ ಮರಳಿ ಬೇಲೂರಿನಲ್ಲಿಯೇ ದೂರು ನೀಡಲು ಇದರಿಂದ ಅವಕಾಶವಿದೆ.

ಠಾಣೆಯಲ್ಲಿ ದೂರು ಸ್ವೀಕರಿಸದಿದ್ದಲ್ಲಿ, ಅದರ ಸಾರಾಂಶವನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಂಚೆ ರಸೀದಿಯನ್ನು ಕಾಪಾಡಿಕೊಳ್ಳತಕ್ಕದ್ದು. ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವು ಈ ಪ್ರಕರಣಗಳ ಮೇಲ್ವಿಚಾರಣೆಗಾಗಿ ಕಾರ್ಯನಿರ್ವಹಿಸುತ್ತಿದ್ದು, 2025ರಲ್ಲಿ ಈ ನಿರ್ದೇಶನಾಲಯದ ಅಧೀನದಲ್ಲಿ 33 ವಿಶೇಷ ಪೊಲೀಸ್ ಠಾಣೆಗಳು ಆರಂಭವಾಗಿವೆ.

ದೂರಿನಲ್ಲಿ ಘಟನೆಯ ದಿನಾಂಕ, ಸಮಯ, ಸ್ಥಳ, ಆರೋಪಿಗಳ ಹೆಸರು (ಗೊತ್ತಿದ್ದಲ್ಲಿ), ಆಡಿದ ಮಾತುಗಳು, ಹಾಜರಿದ್ದ ಸಾಕ್ಷಿಗಳು ಮತ್ತು ಆದ ನಷ್ಟವನ್ನು ನಮೂದಿಸುವುದು ಸೂಕ್ತ. ಅವಮಾನದ ಪ್ರಕರಣಗಳಲ್ಲಿ ಆಡಿದ ಮಾತನ್ನು "ಜಾತಿ ನಿಂದನೆ ಮಾಡಿದರು" ಎಂದಷ್ಟೇ ಬರೆಸದೆ, ಆಡಿದಂತೆಯೇ ಬರೆಸುವುದು ಅವಶ್ಯಕ. ಮುಂದೆ ನ್ಯಾಯಾಲಯವು ಪರಿಶೀಲಿಸುವುದು ಇದನ್ನೇ. ಪ್ರಥಮ ವರ್ತಮಾನ ವರದಿ ದಾಖಲಿಸಲು ಜಾತಿ ಪ್ರಮಾಣಪತ್ರವನ್ನು ಕಾನೂನು ಪೂರ್ವಷರತ್ತಾಗಿ ವಿಧಿಸಿಲ್ಲ. ಪ್ರಮಾಣಪತ್ರವನ್ನು ನಂತರ ಸಲ್ಲಿಸಬಹುದು.

4. ತನಿಖೆ ಮತ್ತು ವಿಚಾರಣೆ

ತನಿಖೆಯನ್ನು ಪೊಲೀಸ್ ಉಪಾಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ಕೈಗೊಂಡು, 60 ದಿನಗಳೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸತಕ್ಕದ್ದು. ವಿಚಾರಣೆಯು ವಿಶೇಷ ನ್ಯಾಯಾಲಯದಲ್ಲಿ ನಡೆಯುವುದು. ದೋಷಾರೋಪಣ ಪಟ್ಟಿ ಸಲ್ಲಿಕೆಯಾದ 2 ತಿಂಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ವಿಚಾರಣೆಯನ್ನು ಮುಗಿಸಬೇಕೆಂದು ಕಾನೂನು ಹೇಳುತ್ತದೆ.

15ಎ ಪ್ರಕರಣದಂತೆ ಸಂತ್ರಸ್ತರಿಗೆ ಕೆಳಕಂಡ ಹಕ್ಕುಗಳಿವೆ:

ಅ) ಜಾಮೀನು ಅರ್ಜಿ ಸೇರಿದಂತೆ ನ್ಯಾಯಾಲಯದ ಪ್ರತಿಯೊಂದು ನಡವಳಿಯ ಮುನ್ಸೂಚನೆ ಪಡೆಯುವುದು ಮತ್ತು ಅಲ್ಲಿ ತಮ್ಮ ಅಹವಾಲನ್ನು ಹೇಳಿಕೊಳ್ಳುವುದು.
ಆ) ಬೆದರಿಕೆ ಮತ್ತು ಒತ್ತಡಗಳಿಂದ ತಮಗೆ, ಅವಲಂಬಿತರಿಗೆ ಹಾಗೂ ಸಾಕ್ಷಿಗಳಿಗೆ ರಕ್ಷಣೆ ಪಡೆಯುವುದು.
ಇ) ತನಿಖೆ ಮತ್ತು ವಿಚಾರಣೆಗೆ ಹಾಜರಾಗಲು ಪ್ರಯಾಣ ಮತ್ತು ನಿರ್ವಹಣಾ ವೆಚ್ಚ ಪಡೆಯುವುದು.
ಈ) ಸ್ವಯಂಸೇವಾ ಸಂಸ್ಥೆ, ಸಮಾಜ ಕಾರ್ಯಕರ್ತರು ಅಥವಾ ವಕೀಲರ ನೆರವು ಪಡೆಯುವುದು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು.

5. ಪರಿಹಾರ ಧನ

2016ರ ತಿದ್ದುಪಡಿ ನಿಯಮಗಳಂತೆ ಅಪರಾಧದ ಸ್ವರೂಪಕ್ಕೆ ಅನುಗುಣವಾಗಿ ರೂ. 85,000ದಿಂದ ರೂ. 8,25,000ದವರೆಗೆ ಪರಿಹಾರ ನಿಗದಿಯಾಗಿದೆ. ಕೆಲವು ಉದಾಹರಣೆಗಳು:

ಅ) ಸಾರ್ವಜನಿಕವಾಗಿ ಜಾತಿ ನಿಂದನೆ: ರೂ. 1,00,000. ಪ್ರಥಮ ವರ್ತಮಾನ ವರದಿಯ ಹಂತದಲ್ಲಿ ಶೇ. 25, ದೋಷಾರೋಪಣ ಪಟ್ಟಿಯ ಹಂತದಲ್ಲಿ ಶೇ. 50, ಶಿಕ್ಷೆಯಾದಾಗ ಶೇ. 25.
ಆ) ಜಮೀನಿನ ಅಕ್ರಮ ಸ್ವಾಧೀನ: ರೂ. 1,00,000 ಮತ್ತು ಸರ್ಕಾರದ ವೆಚ್ಚದಲ್ಲಿ ಜಮೀನಿನ ಮರುಸ್ವಾಧೀನ.
ಇ) ಅತ್ಯಾಚಾರ: ರೂ. 5,00,000. ವೈದ್ಯಕೀಯ ಪರೀಕ್ಷೆಯ ನಂತರ ಶೇ. 50.
ಈ) ಕೊಲೆ ಅಥವಾ ಸಾವು: ರೂ. 8,25,000. ಮರಣೋತ್ತರ ಪರೀಕ್ಷೆಯ ನಂತರ ಶೇ. 50, ದೋಷಾರೋಪಣ ಪಟ್ಟಿಯ ಹಂತದಲ್ಲಿ ಶೇ. 50.

ಪರಿಹಾರದ ಮೊದಲ ಕಂತು ಶಿಕ್ಷೆಯಾಗುವವರೆಗೆ ಕಾಯುವಂತಹದ್ದಲ್ಲ ಎಂಬುದನ್ನು ಗಮನಿಸತಕ್ಕದ್ದು. ತಕ್ಷಣದ ಪರಿಹಾರವನ್ನು 7 ದಿನಗಳೊಳಗೆ ಒದಗಿಸಲು ನಿಯಮ 12ರಲ್ಲಿ ಸೂಚಿಸಲಾಗಿದೆ. ಕುಟುಂಬದ ಆಧಾರಸ್ತಂಭವಾದವರು ಮೃತಪಟ್ಟಲ್ಲಿ ವಿಧವೆ ಅಥವಾ ಅವಲಂಬಿತರಿಗೆ ಮಾಸಿಕ ಪಿಂಚಣಿ ಮತ್ತು ಮಕ್ಕಳ ವಿದ್ಯಾಭ್ಯಾಸದ ವೆಚ್ಚಕ್ಕೂ ಅವಕಾಶವಿದೆ. ಅರ್ಜಿಯೊಂದಿಗೆ ಪ್ರಥಮ ವರ್ತಮಾನ ವರದಿಯ ಪ್ರತಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಹಾಗೂ ಅನ್ವಯವಾಗುವಲ್ಲಿ ವೈದ್ಯಕೀಯ ದಾಖಲೆಗಳನ್ನು ಲಗತ್ತಿಸಿ ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು.

6. ಅನುಮಾನದ ಮೇಲೆ ವಶಕ್ಕೆ ಪಡೆದಾಗ

ಅಲೆಮಾರಿ ಹಿನ್ನೆಲೆಯ ಸಮುದಾಯಗಳ ಜನರು ಕಳವು ಅಥವಾ ಬೇಟೆಯ ಅನುಮಾನಕ್ಕೆ ಗುರಿಯಾಗುವುದುಂಟು. ಸಮುದಾಯದ ಹೆಸರು ಬಂಧನಕ್ಕೆ ಕಾರಣವಾಗಲಾರದು. ಪೊಲೀಸರಾಗಲಿ ಅರಣ್ಯ ಸಿಬ್ಬಂದಿಯಾಗಲಿ ಬಂಧಿಸಿದಲ್ಲಿ, ಬಂಧನದ ಕಾರಣವನ್ನು ತಿಳಿಸತಕ್ಕದ್ದು ಮತ್ತು ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸತಕ್ಕದ್ದು. ಇದು ಸಂವಿಧಾನದ 22ನೇ ಅನುಚ್ಛೇದದ ಭರವಸೆ. ಪೊಲೀಸರು ಬಂಧಿತರ ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ಮಾಹಿತಿ ನೀಡತಕ್ಕದ್ದು. ಅಸಾಧಾರಣ ಸಂದರ್ಭಗಳನ್ನು ಹೊರತುಪಡಿಸಿ ಮಹಿಳೆಯರನ್ನು ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯದ ಮೊದಲು ಬಂಧಿಸುವಂತಿಲ್ಲ. ಸಾಕ್ಷಿಯಾಗಿ ವಿಚಾರಣೆಗೆ ಬೇಕಾದ ಮಹಿಳೆಯನ್ನು ಠಾಣೆಗೆ ಕರೆಸದೆ ಆಕೆಯ ನಿವಾಸದಲ್ಲಿಯೇ ಪ್ರಶ್ನಿಸತಕ್ಕದ್ದು.

7. ಜೀತ ಮತ್ತು ಮುಂಗಡದ ಹಣ

2018ರ ಡಿಸೆಂಬರ್‌ನಲ್ಲಿ ಅರಸೀಕೆರೆ ತಾಲ್ಲೂಕಿನಲ್ಲಿ ಕೂಡಿಹಾಕಿ ದುಡಿಸಲಾಗುತ್ತಿದ್ದ 52 ಕಾರ್ಮಿಕರನ್ನು ಪೊಲೀಸರು ಬಿಡುಗಡೆಗೊಳಿಸಿದರು. ಅವರಲ್ಲಿ ಮಹಿಳೆಯರೂ ಮಕ್ಕಳೂ ಇದ್ದರು. ತಪ್ಪಿಸಿಕೊಂಡು ಹೊರಬಂದ ಒಬ್ಬ ಕಾರ್ಮಿಕ ನೀಡಿದ ಮಾಹಿತಿಯಿಂದ ಉಳಿದವರ ಬಿಡುಗಡೆ ಸಾಧ್ಯವಾಯಿತು.

ಜೀತ ಕಾರ್ಮಿಕ ಪದ್ಧತಿ (ರದ್ದತಿ) ಅಧಿನಿಯಮ, 1976ರಂತೆ ಮುಂಗಡ ಪಡೆದ ಕಾರಣಕ್ಕೆ ಕೆಲಸ ಬಿಟ್ಟು ಹೋಗದಂತೆ ತಡೆಯುವುದು, ಕೂಲಿ ನೀಡದಿರುವುದು ಮತ್ತು ಬೇರೆಡೆ ದುಡಿಯಲು ಬಿಡದಿರುವುದು ಜೀತದ ಲಕ್ಷಣಗಳು. ಜೀತದ ಸಾಲವು ಕಾನೂನಿನಂತೆ ತೀರಿಹೋದಂತೆಯೇ ಸರಿ. ಅದನ್ನು ವಸೂಲು ಮಾಡುವಂತಿಲ್ಲ. ಬಿಡುಗಡೆಯಾದವರು ಉಪವಿಭಾಗಾಧಿಕಾರಿಗಳಿಂದ ಬಿಡುಗಡೆ ಪ್ರಮಾಣಪತ್ರವನ್ನು ತಪ್ಪದೆ ಪಡೆಯತಕ್ಕದ್ದು, ಏಕೆಂದರೆ ಪುನರ್ವಸತಿ ಸೌಲಭ್ಯಗಳಿಗೆ ಅದೇ ಆಧಾರ. ಕೇಂದ್ರ ಯೋಜನೆಯಂತೆ ತಕ್ಷಣದ ನೆರವು ರೂ. 30,000ದವರೆಗೆ ಇದ್ದು, ಪುನರ್ವಸತಿ ನೆರವು ವಯಸ್ಕ ಪುರುಷರಿಗೆ ರೂ. 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ ರೂ. 2 ಲಕ್ಷ ಹಾಗೂ ತೀವ್ರ ಶೋಷಣೆಯ ಪ್ರಕರಣಗಳಲ್ಲಿ ರೂ. 3 ಲಕ್ಷವಾಗಿರುತ್ತದೆ.

8. ಮಂಜೂರಾದ ಜಮೀನಿನ ರಕ್ಷಣೆ

ಕರ್ನಾಟಕ ಅನುಸೂಚಿತ ಜಾತಿಗಳ ಮತ್ತು ಅನುಸೂಚಿತ ಬುಡಕಟ್ಟುಗಳ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಅಧಿನಿಯಮ, 1978ರಂತೆ, ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಉಲ್ಲಂಘನೆಯಾಗಿದ್ದಲ್ಲಿ ಜಮೀನನ್ನು ಮರಳಿ ಪಡೆಯಲು ಮೂಲ ಮಂಜೂರಾತಿದಾರರು ಅಥವಾ ವಾರಸುದಾರರು ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಬೇಲೂರು ತಾಲ್ಲೂಕು ಸಕಲೇಶಪುರ ಉಪವಿಭಾಗಕ್ಕೂ, ಅರಸೀಕೆರೆ ತಾಲ್ಲೂಕು ಹಾಸನ ಉಪವಿಭಾಗಕ್ಕೂ ಸೇರಿವೆ. ಆದೇಶದ ವಿರುದ್ಧ 3 ತಿಂಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. 2023ರ ತಿದ್ದುಪಡಿಯಂತೆ ಅರ್ಜಿಗೆ ಕಾಲಮಿತಿ ಇರುವುದಿಲ್ಲ. ಆದರೂ ವಿಳಂಬದ ಪ್ರಶ್ನೆಯು ನ್ಯಾಯಾಲಯಗಳಲ್ಲಿ ಚರ್ಚೆಗೆ ಬಂದಿರುವುದರಿಂದ, ಅರ್ಹರು ತಡಮಾಡದೆ ಅರ್ಜಿ ಸಲ್ಲಿಸುವುದು ಒಳಿತು.

9. ವಿದೇಶಕ್ಕೆ ವ್ಯಾಪಾರಕ್ಕಾಗಿ ತೆರಳುವವರಿಗೆ

2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಸಶಸ್ತ್ರ ಸಂಘರ್ಷ ಆರಂಭವಾದಾಗ, ಗಿಡಮೂಲಿಕೆ ವಸ್ತುಗಳ ಮಾರಾಟಕ್ಕೆ ತೆರಳಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಅನೇಕರು ಅಲ್ಲಿ ಸಿಲುಕಿದ್ದರು. ಭಾರತ ಸರ್ಕಾರದ ಆಪರೇಷನ್ ಕಾವೇರಿ ಕಾರ್ಯಾಚರಣೆಯ ಮೂಲಕ ಭಾರತೀಯರನ್ನು ಕರೆತರಲಾಯಿತು. ಹೊರದೇಶಕ್ಕೆ ತೆರಳುವವರು ಆ ದೇಶದ ಭದ್ರತಾ ಸ್ಥಿತಿಯ ಬಗ್ಗೆ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ತಿಳಿದುಕೊಳ್ಳುವುದು, ವ್ಯಾಪಾರಕ್ಕೆ ಅವಕಾಶವಿರುವ ವೀಸಾ ಪಡೆಯುವುದು, ಪಾಸ್‌ಪೋರ್ಟ್ ಪ್ರತಿಯನ್ನು ಮನೆಯವರ ಬಳಿ ಇಡುವುದು ಮತ್ತು ತಲುಪಿದ ಕೂಡಲೇ ಭಾರತೀಯ ರಾಯಭಾರ ಕಚೇರಿಗೆ ವಿವರ ನೀಡುವುದು ಸೂಕ್ತ. ತೊಂದರೆಯಾದಲ್ಲಿ ಕುಟುಂಬದವರು ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು.

10. ಜಾತಿ ಪ್ರಮಾಣಪತ್ರ

ಪರಿಹಾರ ಮತ್ತು ಸೌಲಭ್ಯಗಳಿಗೆ ಪ್ರಮಾಣಪತ್ರ ಅವಶ್ಯವಿರುವುದರಿಂದ, ಸಂಕಷ್ಟ ಒದಗುವ ಮೊದಲೇ ಅದನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ತಹಶೀಲ್ದಾರರು ಅರ್ಜಿಯನ್ನು ತಿರಸ್ಕರಿಸಿದಲ್ಲಿ 30 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

11. ಉಸ್ತುವಾರಿ ವ್ಯವಸ್ಥೆ

ಅ) ರಾಜ್ಯ ಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿ: ಮುಖ್ಯಮಂತ್ರಿಗಳ ಅಧ್ಯಕ್ಷತೆ, ವರ್ಷಕ್ಕೆ ಕನಿಷ್ಠ 2 ಸಭೆ.
ಆ) ಜಿಲ್ಲಾ ಮಟ್ಟದ ಸಮಿತಿ: ಜಿಲ್ಲಾಧಿಕಾರಿಗಳ ಅಧ್ಯಕ್ಷತೆ, 3 ತಿಂಗಳಿಗೆ ಕನಿಷ್ಠ 1 ಸಭೆ.
ಇ) ಉಪವಿಭಾಗ ಮಟ್ಟದ ಸಮಿತಿ: ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆ.

ಪರಿಹಾರ ಪಾವತಿ, ತನಿಖೆಯ ವಿಳಂಬ ಮತ್ತು ಅಧಿಕಾರಿಗಳ ಕಾರ್ಯವೈಖರಿಯನ್ನು ಈ ಸಮಿತಿಗಳು ಪರಿಶೀಲಿಸುತ್ತವೆ. ಪರಿಹಾರ ವಿಳಂಬವಾದವರು ಸಮಿತಿಯ ಅಧ್ಯಕ್ಷರಿಗೆ ಲಿಖಿತ ಮನವಿ ಸಲ್ಲಿಸಬಹುದು. ಸಭೆಯ ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಲು ಅವಕಾಶವಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ರಾಜ್ಯದ ಅನುಸೂಚಿತ ಜಾತಿಗಳು ಮತ್ತು ಅನುಸೂಚಿತ ಬುಡಕಟ್ಟುಗಳ ಆಯೋಗಕ್ಕೂ, ರಾಷ್ಟ್ರೀಯ ಅನುಸೂಚಿತ ಬುಡಕಟ್ಟುಗಳ ಆಯೋಗಕ್ಕೂ ಅಹವಾಲು ಸಲ್ಲಿಸಬಹುದು.

12. ಸಹಾಯವಾಣಿಗಳು

ತುರ್ತು ಪೊಲೀಸ್ ನೆರವು: 112
ದೌರ್ಜನ್ಯ ತಡೆ ರಾಷ್ಟ್ರೀಯ ಸಹಾಯವಾಣಿ: 14566
ಉಚಿತ ಕಾನೂನು ನೆರವು: 15100
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ದೂರು ನೀಡಲು ಅಥವಾ ಪ್ರಥಮ ವರ್ತಮಾನ ವರದಿಯ ಪ್ರತಿ ಪಡೆಯಲು ಯಾವುದೇ ಶುಲ್ಕವಿರುವುದಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬಾರದಾಗಿ ಕೋರಲಾಗಿದೆ.