ರಾಗಿ ತಾನಾಗೇ ಗಟ್ಟಿ ಆಗಲಿಲ್ಲ

ಇವತ್ತಿನ ಎಪಿಸೋಡ್ ರಾಗಿ ಬಗ್ಗೆ. "ಅಯ್ಯೋ, ಮತ್ತೆ ಸಿರಿಧಾನ್ಯ, ಶುಗರ್, ಡಯಟ್ ಅಂತ ಶುರು ಮಾಡ್ತಾನೆ" ಅಂದ್ಕೊಂಡು ಸ್ಕಿಪ್ ಮಾಡಬೇಡಿ. ಇದು ಆರೋಗ್ಯದ ಎಪಿಸೋಡ್ ಅಲ್ಲ, ಇತಿಹಾಸದ್ದು.

2021ರ ನವೆಂಬರ್ ನಿಮಗೆ ನೆನಪಿರಬಹುದು. ಬೆಂಗಳೂರಲ್ಲಿ ದಿನಾ ಮಳೆ. ನಾವು ಟ್ರಾಫಿಕ್ ಬಗ್ಗೆ ಬೈಕೊಂಡು ಕೂತಿದ್ವಿ. ಅದೇ ಹೊತ್ತಿಗೆ ಕುಣಿಗಲ್ ಕಡೆ ಇರೋ ನಮ್ಮ ಸೋದರಮಾವನ ಹೊಲದಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಪೂರ್ತಿ ಮಲಗಿಬಿಟ್ಟಿತ್ತು. ಸ್ವಲ್ಪ ಕೊಯ್ದು ಅರಿ ಹಾಕಿದ್ರು, ಅದು ನೀರಲ್ಲಿ ನೆನೀತಿತ್ತು. ನಾನು ಹೋಗಿ ಒಂದು ತೆನೆ ಎತ್ತಿ ನೋಡಿದರೆ ತೆನೆಯಲ್ಲೇ ಮೊಳಕೆ. ನಾನು ದೊಡ್ಡದಾಗಿ, "ಮಾವ, ರಾಗಿ ಏನ್ ಬಂದ್ರೂ ತಡ್ಕೊಳ್ಳತ್ತೆ ಅಂತಾರಲ್ಲ?" ಅಂದೆ. ಮಾವ ನನ್ನ ಮುಖ ನೋಡಿ, "ಮಳೆ ಬರ್ಲಿಲ್ಲ ಅಂದ್ರೆ ತಡ್ಕೊಳ್ಳತ್ತೆ ಕಣೋ. ಈಗ ಬಂದ್ರೆ ಅದೇನ್ ಮಾಡತ್ತೆ ಪಾಪ" ಅಂದ್ರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ರಾಗಿ ಗಟ್ಟಿ ಬೆಳೆ ಅಂತ ನಾವೆಲ್ಲ ಹೇಳ್ತೀವಿ. ಆದರೆ ಅದನ್ನ ಗಟ್ಟಿ ಮಾಡಿದ್ದು ಯಾರು? ಯಾವುದಕ್ಕೆ ಗಟ್ಟಿ ಮಾಡಿದ್ರು? ಇದನ್ನ ಹುಡುಕ್ತಾ ಹೋದಾಗ ನಾನು ಬಂದು ನಿಂತಿದ್ದು ಮಂಡ್ಯದ ಒಬ್ಬ ವಿಜ್ಞಾನಿಯ ಹತ್ತಿರ. ಅವರ ಹತ್ತಿರ ಹೋಗೋಕೆ ಮುಂಚೆ ರಾಗಿಯ ತವರಿಗೆ ಒಂದು ಸಲ ಹೋಗಿ ಬರಬೇಕು.

ರಾಗಿ ಮೂಲದಲ್ಲಿ ನಮ್ಮದಲ್ಲ. ಬೇಜಾರಾಗಬೇಡಿ. ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ, ಅಂದರೆ ಇವತ್ತಿನ ಇಥಿಯೋಪಿಯಾ, ಉಗಾಂಡಾ ಕಡೆಯ ಜನ ಸಾವಿರಾರು ವರ್ಷದ ಹಿಂದೆ ಕಾಡು ಹುಲ್ಲೊಂದನ್ನ ಪಳಗಿಸಿ ಬೆಳೆ ಮಾಡಿದರು. ಇಥಿಯೋಪಿಯಾದಲ್ಲಿ ಅದನ್ನ ಇವತ್ತಿಗೂ ಡಗುಸ್ಸಾ ಅಂತಾರೆ, ಸ್ವಾಹಿಲಿಯಲ್ಲಿ ವಿಂಬಿ. ಅಲ್ಲಿಂದ ಅದು ಬಹಳ ಹಿಂದೆಯೇ ಭಾರತಕ್ಕೆ ಬಂತು. ಆಮೇಲೆ ಎರಡೂ ಕಡೆಯ ರಾಗಿ ಬೇರೆ ಬೇರೆ ದಾರಿ ಹಿಡಿದವು. ಆಫ್ರಿಕಾದ್ದು ದಪ್ಪ ಕಾಂಡ, ಮುಷ್ಟಿಯಂಥ ದೊಡ್ಡ ತೆನೆ, ಆದರೆ ಮಾಗೋಕೆ ನಿಧಾನ. ನಮ್ಮದು ತೆಂಡೆ ಜಾಸ್ತಿ ಒಡೆಯತ್ತೆ, ಬೇಗ ಕೊಯ್ಲಿಗೆ ಬರತ್ತೆ, ತೆನೆ ಮಾತ್ರ ಚಿಕ್ಕದು. ಈ ವ್ಯತ್ಯಾಸ ನೆನಪಿಟ್ಕೊಳ್ಳಿ. ಕತೆ ಪೂರ್ತಿ ಇದರ ಮೇಲೇ ನಿಂತಿದೆ.

ಮಳೆಯನ್ನ ನಂಬೋಕಾಗಲ್ಲ ಅನ್ನೋದು ಹವಾಮಾನ ಬದಲಾವಣೆ ಅನ್ನೋ ಪದ ಹುಟ್ಟೋ ಮೊದಲೇ ನಮ್ಮ ರೈತರಿಗೆ ಗೊತ್ತಿತ್ತು. ಅದಕ್ಕೆ ಅವರು ಎರಡು ಉಪಾಯ ಮಾಡ್ಕೊಂಡಿದ್ರು. ಒಂದು, ಅಕ್ಕಡಿ ಸಾಲು. ರಾಗಿ ಹೊಲದಲ್ಲಿ ಒಂದಿಷ್ಟು ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕೋದು. ರಾಗಿ ಕೈಕೊಟ್ಟರೆ ಅವರೆಯಾದರೂ ಸಿಗತ್ತೆ. ನಾನು ಬಿ.ಕಾಂ.ನಲ್ಲಿ ಡೈವರ್ಸಿಫಿಕೇಶನ್ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಇನ್ನೊಂದು, ಹಗೇವು. ನೆಲದಲ್ಲಿ ಆಳವಾದ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಬಿಡೋದು. ರಾಗಿಗೆ ಹುಳ ಸುಲಭವಾಗಿ ಹಿಡಿಯಲ್ಲ, ವರ್ಷಗಟ್ಟಲೆ ಕೆಡಲ್ಲ. ಒಳ್ಳೇ ವರ್ಷದ ರಾಗಿಯಲ್ಲಿ ಕೆಟ್ಟ ವರ್ಷ ದಾಟೋದು.

ಆದರೆ ಕೆಟ್ಟ ವರ್ಷ ಒಂದಾದ ಮೇಲೆ ಒಂದು ಬಂದರೆ? 1876ರಿಂದ 78ರವರೆಗೆ ಹಾಗೇ ಆಯ್ತು. ನಮ್ಮ ಹಳ್ಳಿಗಳಲ್ಲಿ ಧಾತು ಈಶ್ವರ ಬರ ಅಂತಾರಲ್ಲ, ಅದೇ. ಧಾತು, ಈಶ್ವರ ಅನ್ನೋದು ಆ ಎರಡು ಸಂವತ್ಸರಗಳ ಹೆಸರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇತ್ತು. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದರೆ ಸುಮಾರು 42 ಲಕ್ಷ. ಬೆಳೀಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಜಾಸ್ತಿ ಕಮ್ಮಿ ಆಗಿತ್ತು. ಇದು ರಾಗಿ ತಿನ್ನೋ ನಾಡು ಅನ್ನೋದನ್ನ ಮರೀಬೇಡಿ. ಬರಕ್ಕೆ ಗಟ್ಟಿ ಅಂತ ನಾವು ಹೇಳೋ ಬೆಳೆಯನ್ನೇ ಬೆಳೀತಿದ್ದ ಜನ ಇವರು.

ಆಮೇಲೆ ಸಂಸ್ಥಾನ ನಿಧಾನಕ್ಕೆ ಕೃಷಿ ಸಂಶೋಧನೆ ಕಡೆ ತಿರುಗಿತು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅನ್ನೋ ವಿಜ್ಞಾನಿ ಮೈಸೂರಿಗೆ ಬಂದರು. ಮಲೆನಾಡಿನವರಿಗೆ ಇವರು ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಕಲಿಸಿದವರಾಗಿ ಗೊತ್ತು. ಬಯಲುಸೀಮೆಯವರು ನೆನೆಸ್ಕೋಬೇಕಾಗಿರೋದು ರಾಗಿಗಾಗಿ. ಅವರ ಕಾಲದಲ್ಲೇ ಹೆಬ್ಬಾಳದಲ್ಲಿ ರಾಗಿ ತಳಿ ಆಯ್ಕೆ ಕೆಲಸ ಶುರುವಾಗಿ, 1918ರಲ್ಲಿ ಎಚ್-22 ಅನ್ನೋ ತಳಿ ಹೊರಗೆ ಬಂತು. ಆದರೆ ಇದು ಆಯ್ಕೆ ಮಾಡಿದ ತಳಿ. ಇರೋದರಲ್ಲಿ ಚೆನ್ನಾಗಿರೋದನ್ನ ಆರಿಸಿ ಬೆಳೆಸಿದ್ದು. ಇಲ್ಲದೇ ಇರೋ ಗುಣ ಬೇಕು ಅಂದರೆ ಎರಡು ಬೇರೆ ಗಿಡಗಳನ್ನ ಕೂಡಿಸಬೇಕು. ರಾಗಿಯಲ್ಲಿ ಅದು ಮಹಾ ಕಷ್ಟ.

ಯಾಕೆ ಅಂದರೆ ರಾಗಿ ಹೂವು ಕಣ್ಣಿಗೆ ಕಾಣೋದೇ ಕಷ್ಟ, ಅಷ್ಟು ಸಣ್ಣದು. ಸಾವಿರ ಕಾಳು ತೂಕ ಹಾಕಿದರೆ ಮೂರು ಗ್ರಾಂ ಕೂಡ ದಾಟೋದು ಕಷ್ಟ, ಇನ್ನು ಹೂವು ಎಷ್ಟಿರತ್ತೆ ಯೋಚನೆ ಮಾಡಿ. ಅದು ಅರಳೋದು ನಡುರಾತ್ರಿ ಕಳೆದ ಮೇಲೆ, ಬೆಳಗಾಗೋದ್ರೊಳಗೆ. ಅರಳೋ ಹೊತ್ತಿಗೆ ತನ್ನ ಪರಾಗ ತಾನೇ ತಗೊಂಡು ಕೆಲಸ ಮುಗಿಸ್ಕೊಂಡಿರತ್ತೆ. ಭತ್ತದಲ್ಲಿ ಮಾಡೋ ಹಾಗೆ ಚಿಮಟದಲ್ಲಿ ಒಂದೊಂದೇ ಹೂವಿನ ಕೇಸರ ಕೀಳೋಣ ಅಂದರೆ ಆಗಲ್ಲ.

ಈಗ ಬರ್ತಾರೆ ನಮ್ಮ ಕತೆಯ ನಾಯಕ, ಲಕ್ಷ್ಮಣಯ್ಯ. 1921ರಲ್ಲಿ ಹುಟ್ಟಿ 1993ರಲ್ಲಿ ತೀರ್ಕೊಂಡರು. ಜನ ಅವರನ್ನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೀತಿದ್ರು, ರಾಗಿ ಬ್ರಹ್ಮ ಅಂತಲೂ. ಕೆಲಸ ಮಾಡಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಸುತ್ತ ವಿಶ್ವೇಶ್ವರಯ್ಯ ನಾಲೆ ನೀರು, ಭತ್ತ, ಕಬ್ಬು. ಅದರ ಮಧ್ಯೆ ಕೂತು ಇವರು ರಾಗಿ ಹಿಡ್ಕೊಂಡರು. ಮೊದಲು ನಮ್ಮದೇ ರಾಗಿಗಳನ್ನ ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಅಂತ ತಳಿಗಳನ್ನ ಕೊಟ್ಟರು.

ರಾಗಿ ಕೂಡಿಸೋಕೆ ಒಂದು ಸರಳ ವಿಧಾನ ಇದೆ, ಸಂಪರ್ಕ ವಿಧಾನ ಅಂತ. ಗಿಣ್ಣು ಹಸಿರಾಗಿರೋ ಒಂದು ಗಿಡ, ಗಿಣ್ಣು ನೇರಳೆ ಬಣ್ಣ ಇರೋ ಇನ್ನೊಂದು ಗಿಡ. ಹೂ ಬಿಡೋ ಮುಂಚೆ ಎರಡರ ತೆನೆಗಳನ್ನ ಒಟ್ಟಿಗೆ ಸೇರಿಸಿ ಕಟ್ಟಿಬಿಡೋದು. ಬಹುತೇಕ ಹೂಗಳು ತಮ್ಮಷ್ಟಕ್ಕೆ ತಾವೇ ಕಾಳು ಕಟ್ಟತ್ತವೆ. ಎಲ್ಲೋ ಒಂದೆರಡರಲ್ಲಿ ಪಕ್ಕದ ಗಿಡದ ಪರಾಗ ಬೀಳತ್ತೆ. ಹಸಿರು ಗಿಡದ ಕಾಳನ್ನ ಬಿತ್ತಿ ಕಾಯಬೇಕು. ಬಂದ ಪೈರಲ್ಲಿ ನೇರಳೆ ಬಣ್ಣ ಕಂಡರೆ ಅದು ಮಿಶ್ರತಳಿ. ಉಳಿದದ್ದೆಲ್ಲ ಕಿತ್ತು ಹಾಕೋದು. ಆಮೇಲೆ ಅದರ ಮಕ್ಕಳು, ಮೊಮ್ಮಕ್ಕಳು ಅಂತ ತಲೆಮಾರುಗಟ್ಟಲೆ ಬೆಳೆಸಿ, ಗುಣ ಗಟ್ಟಿಯಾಗಿ ನಿಲ್ಲೋವರೆಗೂ ಆರಿಸೋದು. ಒಂದು ತಳಿ ಅಂದರೆ ಎಷ್ಟೋ ವರ್ಷದ ಕೆಲಸ.

1960ರ ದಶಕದಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನ ತಂದು ನಮ್ಮ ರಾಗಿ ಜೊತೆ ಕೂಡಿಸಿದರು. ಸಾವಿರಾರು ವರ್ಷ ದೂರ ಇದ್ದ ನೆಂಟರು ಮಂಡ್ಯದ ಹೊಲದಲ್ಲಿ ಮತ್ತೆ ಸಿಕ್ಕರು. ಹುಟ್ಟಿದ ತಳಿಗಳ ಹೆಸರು ಇಂಡಾಫ್. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಅಷ್ಟೇ. ನಿಮ್ಮ ತಾತನ ಹತ್ತಿರ ಇಂಡಾಫ್ ಅಂದು ನೋಡಿ, ಬಯಲುಸೀಮೆಯವರಾದರೆ ಗೊತ್ತಿರತ್ತೆ.

ಇಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಹೇಳ್ತೀನಿ. ಅವರು ಒಂದೇ ಒಂದು ಅದ್ಭುತ ಬೀಜ ಮಾಡೋಕೆ ಹೋಗಲಿಲ್ಲ. ಇಂಡಾಫ್-8 ಮುಂಗಾರಿಗೆ ಬೇಗ ಬಿತ್ತೋರಿಗೆ, ನಾಲ್ಕು ತಿಂಗಳು ಹೊಲದಲ್ಲಿರೋ ತಳಿ. ಇಂಡಾಫ್-5 ತಡವಾಗಿ ಬಿತ್ತೋರಿಗೆ, ಬೇಸಿಗೆಗೂ ಆಗತ್ತೆ. ಇಂಡಾಫ್-7 ಹಿಂಗಾರಿನ ಚಳಿ ತಡೆಯೋಕೆ. ಇಂಡಾಫ್-9 ಇನ್ನೂ ಬೇಗ ಮುಗಿಯೋದು. ಮಳೆ ಯಾವಾಗ ಬರತ್ತೋ ಆವಾಗಿಗೆ ಒಂದು ಬೀಜ ಇರಬೇಕು. ಇವತ್ತು ಹವಾಮಾನಕ್ಕೆ ಹೊಂದಿಕೊಳ್ಳೋ ಕೃಷಿ ಅಂತ ಪ್ರಪಂಚ ಪೂರ್ತಿ ಸೆಮಿನಾರ್ ನಡೀತಿದೆಯಲ್ಲ, ಅದರ ತಿರುಳು ಇದೇ.

ಭಾರತದಲ್ಲಿ ರಾಗಿ ಬೆಳೆಯೋ ಜಾಗ 1960ರ ದಶಕದಿಂದ ಈಚೆಗೆ ಸುಮಾರು ಅರ್ಧಕ್ಕೆ ಇಳಿದಿದೆ. ಒಟ್ಟು ಉತ್ಪಾದನೆ ಮಾತ್ರ ಅಷ್ಟು ಬೀಳಲಿಲ್ಲ. ಕಮ್ಮಿ ನೆಲದಲ್ಲಿ ಜಾಸ್ತಿ ರಾಗಿ ಬಂತು. ಅದರ ಹಿಂದೆ ಇಂಥ ತಳಿಗಳಿವೆ.

ಹಾಗಂತ ಇದು ಸಿನಿಮಾ ಥರ ಸುಖಾಂತ್ಯ ಅಲ್ಲ. ಇಂಡಾಫ್ ತಳಿಗಳಿಗೆ ಬೆಂಕಿ ರೋಗ ಸುಲಭವಾಗಿ ತಗಲ್ತಿತ್ತು. ಎಲೆ, ಕತ್ತು, ತೆನೆಯ ಬೆರಳು ಸುಟ್ಟ ಹಾಗಾಗಿ ಕಾಳು ಜೊಳ್ಳಾಗತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಮುಂದಿನ ತಲೆಮಾರಿನ ವಿಜ್ಞಾನಿಗಳು ಮತ್ತೆ ಆಫ್ರಿಕಾ ಕಡೆಯೇ ತಿರುಗಿದರು. ಐಇ-1012 ಅನ್ನೋ ರೋಗ ತಡೆಯೋ ಆಫ್ರಿಕನ್ ರಾಗಿಯನ್ನ ಇಂಡಾಫ್ ಜೊತೆ ಕೂಡಿಸಿದಾಗ 1990ರ ದಶಕದಲ್ಲಿ ಜಿಪಿಯು-28 ಬಂತು. ಆಮೇಲೆ ಎಂಎಲ್-365. ಈ ಎರಡೂ ತಳಿಗಳ ವಂಶದಲ್ಲಿ ಇಂಡಾಫ್-5 ಇದೆ. 2017ರಲ್ಲಿ ಅದೇ ವಿಶ್ವವಿದ್ಯಾಲಯದ ತಂಡ ರಾಗಿಯ ಜೀನೋಮ್ ಓದಿ ಪ್ರಕಟಿಸಿದಾಗ ಆರಿಸಿದ ತಳಿ ಎಂಎಲ್-365. ಲಕ್ಷ್ಮಣಯ್ಯನವರ ಕೆಲಸ ಅವರು ಹೋದ ಮೇಲೂ ಹೊಲದಲ್ಲಿತ್ತು, ಲ್ಯಾಬ್‌ನಲ್ಲೂ ಇತ್ತು.

ಈಗ ಮಾವನ ಹೊಲಕ್ಕೆ ವಾಪಸ್ ಬರೋಣ. 2021ರಲ್ಲಿ ಕೊಯ್ಲಿನ ಮಳೆ ಬೆಳೆ ತಿಂತು. 2023 ಬಂತು. ವಿಶ್ವಸಂಸ್ಥೆ ಅದನ್ನ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಮಾವ ಜುಲೈ ಪೂರ್ತಿ ಆಕಾಶ ನೋಡಿದರು, ಆಗಸ್ಟ್‌ ಹಾಗೇ ಹೋಯ್ತು. ಕೊನೆಗೆ ಒಂದು ಹದ ಮಳೆ ಬಿದ್ದಾಗ ಬೀಜ ಹುಡುಕ್ಕೊಂಡು ಹೋದರು. ಆ ಹೊತ್ತಿಗೆ ಬಿತ್ತಬೇಕಾಗಿದ್ದು ನೂರು ದಿನದೊಳಗೆ ಮುಗಿಯೋ ಅಲ್ಪಾವಧಿ ತಳಿ. ಜಿಪಿಯು-48 ಥರದ್ದು. ಹೋದ ಕಡೆ ಸಿಕ್ಕಿದ್ದು ನಾಲ್ಕು ತಿಂಗಳಿನ ಬೀಜ. ಅದನ್ನೇ ತಂದು ಬಿತ್ತಿದರು. ಕಾಳು ತುಂಬೋ ಹೊತ್ತಿಗೆ ನೆಲದಲ್ಲಿ ತೇವ ಇರಲಿಲ್ಲ. ಮನೆಗೆ ಬಂದಿದ್ದು ಹುಲ್ಲು, ದನಕ್ಕೆ ಆಯ್ತು.

ಸಂಶೋಧನೆ ಇರಲಿಲ್ಲ ಅಂತ ಅಲ್ಲ. ಜೂನ್-ಜುಲೈಗೆ ದೀರ್ಘಾವಧಿ, ಆಗಸ್ಟ್‌ಗೆ ಮಧ್ಯಮಾವಧಿ, ಆಮೇಲೆ ಅಲ್ಪಾವಧಿ ಅಂತ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಷ್ಟೋ ವರ್ಷದಿಂದ ಇದೆ. ಬೀಜವೂ ಎಲ್ಲೋ ಒಂದು ಕಡೆ ಇತ್ತು. ಆ ವಾರ, ಆ ಹೋಬಳಿಯಲ್ಲಿ ಇರಲಿಲ್ಲ. ಹಿಂದೆ ಹಗೇವಿನಲ್ಲಿ ಊಟಕ್ಕೆ ರಾಗಿ ಕೂಡಿಡ್ತಿದ್ರು. ಈಗ ಪ್ರತಿ ಹೋಬಳಿಯಲ್ಲೂ ತಡವಾಗಿ ಬರೋ ಮಳೆಗೆ ಅಂತ ಬೀಜ ಕೂಡಿಡೋ ಹಗೇವು ಬೇಕಾಗಿದೆ. ಆ ಬೀಜ ಖರ್ಚಾಗದೇ ಉಳಿದ ವರ್ಷ ನಷ್ಟ ಅಂತ ಲೆಕ್ಕ ಬರೆಯಬಾರದು. ಇನ್ಶೂರೆನ್ಸ್ ಪ್ರೀಮಿಯಂ ಥರ ಬರೀಬೇಕು. ಹಾಗೇ ಕೊಯ್ಲಿನ ಮಳೆಗೆ ಮಲಗದ, ತೆನೆಯಲ್ಲೇ ಮೊಳೆಯದ ರಾಗಿಗೂ ಯಾರಾದರೂ ವರ್ಷಗಟ್ಟಲೆ ತೆನೆ ಕಟ್ಟಿ ಕಾಯಬೇಕು. ಅಂಥ ಕೆಲಸಕ್ಕೆ ಬೇಗ ಫಲ ಕೇಳಬಾರದು, ದುಡ್ಡು ನಿಲ್ಲಿಸಬಾರದು.

ಇವತ್ತಿಗೆ ಇಷ್ಟು. ನಿಮಗೊಂದು ಹೋಂವರ್ಕ್. ಮನೆಯಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ ಯಾರಾದರೂ ರಾಗಿ ಬೆಳೆದೋರು ಇದ್ದರೆ ಫೋನ್ ಮಾಡಿ, ಯಾವ ಮಳೆಗೆ ಯಾವ ರಾಗಿ ಬಿತ್ತಿದ್ರಿ ಅಂತ ಕೇಳಿ. ಅವರ ಮಾತಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ನಮ್ಮ ಮಾವನೂ ಕೇಳಿಸ್ಕೊಳ್ತಾರೆ. ಈ ಸಲ ಅವರು ಎರಡು ಥರದ ಬೀಜ ಮೊದಲೇ ತಂದು ಮನೆಯಲ್ಲಿ ಇಟ್ಕೊಂಡಿದ್ದಾರೆ. ಬರ್ತೀನಿ, ನಮಸ್ಕಾರ.